ಕೆಸರು ಒಣಗುವ ಮುಂಚೆ

ಅಳಿಯ,

ಗಾಡಿ ಕೊಂಡಾಗ ಬೈಯದ ನಿನ್ನಮ್ಮ ಈಗ ಅದರ ರಿಪೇರಿ ಬಿಲ್ಲು ನೋಡಿ ಬೈಯುತ್ತಿದ್ದಾಳೆ. ಫೋನಿನಲ್ಲಿ ಎಲ್ಲ ಹೇಳಿದಳು. ಒಂದು ಮಳೆಗಾಲ ಕಳೆಯುವುದರೊಳಗೆ ಚೈನ್ ಸೆಟ್ಟು, ಕ್ಲಚ್ ಪ್ಲೇಟು, ಹಿಂದಿನ ಚಕ್ರದ ಬೇರಿಂಗು, ಮುಂದಿನ ಶಾಕಿನ ಆಯಿಲ್ ಸೀಲು ಎಲ್ಲ ಆಗಿದೆ. ಈಗ ಸೈಲೆನ್ಸರಿನಲ್ಲಿ ಹೊಗೆಯೂ ಕಾಣಿಸಿಕೊಂಡಿದೆ, ಇನ್ನು ಮಾರಿಬಿಡುತ್ತೇನೆ ಅಂದೆಯಂತೆ. ಮಾರಬೇಡ ಮಾರಾಯ. ವಾರವೆಲ್ಲ ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವ ನೀನು ಭಾನುವಾರ ಬೆಳಗ್ಗೆ ಮಣ್ಣಿನ ದಾರಿ ಹಿಡಿದು ಹೋಗಿ, ಮೈಕೈ ಕೆಸರು ಮಾಡಿಕೊಂಡು, ಹಸಿದು ಮನೆಗೆ ಬರುತ್ತೀಯಲ್ಲ, ಅದು ನಿನ್ನ ಕೈಯಿಂದ ತಪ್ಪಿಹೋಗಬಾರದು.

ಗ್ಯಾರೇಜಿನವನು ಸುಲಿದ ಎಂದು ನಿನ್ನ ದೂರು. ನೀನು ಕಳಿಸಿದ ಬಿಲ್ಲನ್ನು ನಾನು ಸಾಲು ಸಾಲಾಗಿ ಓದಿದೆ. ಹಾಕಿದ ಸಾಮಾನಿಗೆ ಅವನು ಹೆಚ್ಚೇನೂ ತೆಗೆದುಕೊಂಡಿಲ್ಲ, ಕೂಲಿಯೂ ನ್ಯಾಯವಾಗಿಯೇ ಇದೆ. ಆದರೆ ಅಷ್ಟೊಂದು ಸಾಮಾನು ಅಷ್ಟು ಬೇಗ ಯಾಕೆ ಸತ್ತಿತು? ನಾವು ಕೇಳಬೇಕಾದದ್ದು ಅದನ್ನು. ನನ್ನ ಉತ್ತರ ಇಷ್ಟೇ: ಮಣ್ಣಿನ ದಾರಿಯ ಗಾಡಿಯ ಖರ್ಚಿನಲ್ಲಿ ದೊಡ್ಡ ಪಾಲು ಹುಟ್ಟುವುದು ಗಾಡಿಯನ್ನು ಓಡಿಸಿ ತಂದು ನಿಲ್ಲಿಸಿದ ಮೇಲೆ. ನೀನು ಸ್ನಾನ ಮಾಡಿ, ಉಂಡು, ಮಲಗುತ್ತೀಯ. ಗಾಡಿ ಮುಂದಿನ ಭಾನುವಾರದವರೆಗೂ ಅದೇ ಕೆಸರಿನಲ್ಲಿ ನಿಂತಿರುತ್ತದೆ. ಆ ದಿನ ಸಂಜೆ ಒಂದು ಗಂಟೆ ಅದರ ಜೊತೆ ಕೂತರೆ ವರ್ಷದ ಖರ್ಚು ಅರ್ಧಕ್ಕೆ ಇಳಿಯುತ್ತದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಅದಕ್ಕೂ ಮುಂಚೆ ಒಂದು ಮಾತು. ನಿನ್ನ ಜೊತೆಯ ಹುಡುಗರು ರೇಸಿನ ಗಾಡಿಯ ಆಸೆ ತೋರಿಸುತ್ತಿದ್ದಾರಲ್ಲ, ಅದಕ್ಕೆ ಕಿವಿಗೊಡಬೇಡ. 2015ರಲ್ಲಿ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಡಕಾರ್ ರ್‍ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದರು. 2019ರಲ್ಲಿ ಉಡುಪಿಯ ಕೆ.ಪಿ. ಅರವಿಂದ್ ಪೂರೈಸಿದರು. ನಾನು ಹೆಮ್ಮೆಪಟ್ಟವನೇ. ಆದರೆ ಅಂಥ ರ್‍ಯಾಲಿಗೆ ಹೋಗುವ ತಂಡಗಳ ಗಾಡಿಗಳನ್ನು ಹೆಚ್ಚುಕಡಿಮೆ ಪ್ರತಿ ರಾತ್ರಿ ಮೆಕ್ಯಾನಿಕ್‌ಗಳು ಬಿಚ್ಚಿ, ಸವೆದದ್ದನ್ನೆಲ್ಲ ಬದಲಿಸಿ ಬೆಳಗ್ಗೆಯ ಹೊತ್ತಿಗೆ ಸಿದ್ಧಮಾಡಿ ಇಡುತ್ತಾರೆ. ರೇಸಿನ ಎಂಜಿನ್ನಿನ ಆಯುಸ್ಸನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ, ಗಂಟೆಯಲ್ಲಿ ಅಳೆಯುತ್ತಾರೆ. ಇಷ್ಟು ಗಂಟೆಗೆ ಆಯಿಲ್, ಇಷ್ಟು ಗಂಟೆಗೆ ಪಿಸ್ಟನ್ ಎಂದು ಕಂಪನಿಯೇ ಪಟ್ಟಿ ಕೊಡುತ್ತದೆ. 2024ರಲ್ಲಿ ಕೆಟಿಎಂ ನಮ್ಮ ದೇಶಕ್ಕೆ ತಂದ 450 ಎಸ್‌ಎಕ್ಸ್-ಎಫ್ ಗಾಡಿಗೆ ಆಗಲೇ ಹತ್ತು ಲಕ್ಷದ ಮೇಲೆ ಬೆಲೆ ಇತ್ತು, ಅದನ್ನು ರಸ್ತೆಗೂ ಇಳಿಸುವಂತಿಲ್ಲ. ನಿನ್ನ ಎಕ್ಸ್‌ಪಲ್ಸ್‌ನ 199.6 ಸಿಸಿ ಎಂಜಿನ್ನು ದಿನಾ ಆಫೀಸಿಗೆ ಹೋಗಿಬರುವವನಿಗೆ ವರ್ಷಗಟ್ಟಲೆ ಬಾಳಿಕೆ ಬರಲೆಂದು ಮಾಡಿದ್ದು. ಶಕ್ತಿ ಕಡಿಮೆ, ತಾಳಿಕೆ ಜಾಸ್ತಿ. 21 ಇಂಚಿನ ಮುಂದಿನ ಚಕ್ರ, 18 ಇಂಚಿನ ಹಿಂದಿನ ಚಕ್ರ, ನೆಲದಿಂದ 220 ಮಿ.ಮೀ. ಎತ್ತರ. ಭಾನುವಾರದ ಓಡಾಟಕ್ಕೆ ಇದಕ್ಕಿಂತ ಹೆಚ್ಚು ಏನು ಬೇಕು? ಬೋರ್ ದೊಡ್ಡದು ಮಾಡಿಸುವುದು, ಹೊರಗಿನ ಸೈಲೆನ್ಸರ್ ಹಾಕಿಸುವುದು, ರ್‍ಯಾಲಿ ಕಿಟ್ ತರಿಸುವುದು ಇವೆಲ್ಲ ಸದ್ಯಕ್ಕೆ ಬೇಡ. ಇರುವ ಶಾಕ್ ನಿನಗೆ ಸಾಲುತ್ತಿಲ್ಲ ಎಂದು ನಿನ್ನ ಓಡಿಸುವಿಕೆಯೇ ಹೇಳುವವರೆಗೂ ಆ ದುಡ್ಡು ಬ್ಯಾಂಕಿನಲ್ಲೇ ಇರಲಿ.

ಈಗ ಹೊಗೆಯ ವಿಚಾರಕ್ಕೆ ಬರುತ್ತೇನೆ. ನನಗೆ ಹೆಚ್ಚು ಚಿಂತೆ ಹತ್ತಿಸಿದ್ದು ಅದೇ.

ಒಂದು ಲೀಟರ್ ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಹತ್ತಿರ ಹತ್ತಿರ 9,000 ಲೀಟರ್ ಗಾಳಿ ಬೇಕು. ಅಷ್ಟೂ ಗಾಳಿ ನಿನ್ನ ಸೀಟಿನ ಸುತ್ತಮುತ್ತ ಎಲ್ಲೋ ಇರುವ ಏರ್ ಫಿಲ್ಟರಿನ ಡಬ್ಬಿಯ ಮೂಲಕವೇ ಒಳಗೆ ಹೋಗಬೇಕು. ಕೋಲಾರದ ಕಡೆ ಬೇಸಗೆಯಲ್ಲಿ ಮುಂದಿನ ಗಾಡಿಯ ಹಿಂದೆಯೇ ಹೋಗುತ್ತೀರಲ್ಲ, ಆಗ ಆ ಗಾಳಿಯಲ್ಲಿ ಎಷ್ಟು ಧೂಳಿರುತ್ತದೆ ಯೋಚನೆ ಮಾಡು. ಆ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇದೆ, ಅದು ಬೋರಿನ ಲೋಹಕ್ಕಿಂತ ಗಟ್ಟಿ. ಫಿಲ್ಟರ್ ದಾಟಿ ಒಂದು ಚಿಟಿಕೆ ಒಳಗೆ ಹೋದರೂ ರಿಂಗಿಗೂ ಬೋರಿಗೂ ನಡುವೆ ಸೇರಿ ಎಮರಿ ಪೇಪರ್ ಹಾಕಿ ಉಜ್ಜಿದಂತೆ ಉಜ್ಜುತ್ತದೆ. ರಿಂಗು ಸವೆಯುತ್ತದೆ, ಆಯಿಲ್ ಮೇಲಕ್ಕೆ ಬಂದು ಉರಿಯುತ್ತದೆ, ನೀಲಿ ಹೊಗೆ ಬರುತ್ತದೆ. ಫಿಲ್ಟರಿಗೆ ಕೆಲವು ನೂರು ರೂಪಾಯಿ. ಬೋರು, ಪಿಸ್ಟನ್, ರಿಂಗು, ಪ್ಯಾಕಿಂಗ್, ಕೂಲಿ ಎಲ್ಲ ಸೇರಿದರೆ ಹಲವು ಸಾವಿರ. ಮಣ್ಣಿನ ಗಾಡಿಯ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಅಂತರ ಇನ್ನೊಂದಿಲ್ಲ.

ಹಾಗೆಂದು ಹೊಗೆ ಕಂಡ ಕೂಡಲೇ ಎಂಜಿನ್ ಬಿಚ್ಚಿಸಬೇಡ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕ್ಷಣ ಒಂದು ಬುಗ್ಗೆ ಹೊಗೆ ಬಂದು ಆಮೇಲೆ ನಿಂತುಹೋದರೆ ವಾಲ್ವ್ ಸೀಲಿನ ಮೇಲೆ ಅನುಮಾನ ಪಡು, ಅದು ಚಿಕ್ಕ ಕೆಲಸ. ಆಕ್ಸಲರೇಟರ್ ಕೊಟ್ಟಷ್ಟು ಹೊತ್ತೂ ಬರುತ್ತಲೇ ಇದ್ದು, ಆಯಿಲ್ ಮಟ್ಟವೂ ಇಳಿಯುತ್ತಿದ್ದರೆ ಆಗ ರಿಂಗು. ಮೊದಲು ಕಂಪ್ರೆಶನ್ ಅಳೆಸು. ಅಳತೆ ಇಲ್ಲದೆ ಊಹೆಯ ಮೇಲೆ ಬಿಚ್ಚುವವನ ಕೈಗೆ ಗಾಡಿ ಕೊಡಬೇಡ.

ಫಿಲ್ಟರ್ ಸರಿಯಿದೆಯೇ ಇಲ್ಲವೇ ಎಂದು ತಿಳಿಯಲು ಬೆರಳೊಂದು ಸಾಕು. ಫಿಲ್ಟರ್ ತೆಗೆದ ಮೇಲೆ ಎಂಜಿನ್ ಕಡೆಗೆ ಹೋಗುವ ರಬ್ಬರ್ ಕೊಳವೆಯ ಒಳಗೆ, ಅಂದರೆ ಶುದ್ಧ ಗಾಳಿ ಮಾತ್ರ ಹಾಯಬೇಕಾದ ಕಡೆ, ಬಿಳಿ ಬಟ್ಟೆ ಸುತ್ತಿದ ಬೆರಳಾಡಿಸು. ಬಟ್ಟೆ ಬೆಳ್ಳಗೆ ಬಂದರೆ ನೆಮ್ಮದಿಯಿಂದ ಮುಚ್ಚು. ಕೆಮ್ಮಣ್ಣಿನ ಬಣ್ಣ ಹತ್ತಿತೋ, ಹೆಬ್ಬೆರಳಿಂದ ಉಜ್ಜಿದಾಗ ಸಣ್ಣ ಮರಳು ಸಿಕ್ಕಿತೋ, ಅಲ್ಲಿಗೆ ಧೂಳು ದಾರಿ ಮಾಡಿಕೊಂಡಿದೆ ಎಂದೇ ಅರ್ಥ. ಫಿಲ್ಟರ್ ಹರಿದಿದೆಯೇ, ಅಂಚು ಸರಿಯಾಗಿ ಕೂತಿದೆಯೇ, ರಬ್ಬರಿನ ಕ್ಲಿಪ್ಪು ಸಡಿಲವೇ, ಡಬ್ಬಿ ಬಿರುಕು ಬಿಟ್ಟಿದೆಯೇ, ಒಂದೊಂದಾಗಿ ನೋಡು. ಫಿಲ್ಟರಿನ ಅಂಚು ಡಬ್ಬಿಗೆ ತಾಗುವ ಕಡೆ ತೆಳ್ಳಗೆ ಗ್ರೀಸ್ ಸವರಿದರೆ ಸಂದಿಯಲ್ಲಿ ಧೂಳು ನುಸುಳುವುದಿಲ್ಲ.

ಕಾಗದದ ಫಿಲ್ಟರಾದರೆ ತೊಳೆಯಬಾರದು. ಮೆಲ್ಲಗೆ ತಟ್ಟಿ, ಗಾಳಿ ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ, ಅದೂ ದೂರದಿಂದ ಹೊಡೆಯಬೇಕು. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ಹೊಸದು ಹಾಕು. ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಡಾಂಬರು ರಸ್ತೆಯವರಿಗೆ, ಧೂಳಿನಲ್ಲಿ ಓಡಿಸುವವನಿಗೆ ಆ ಲೆಕ್ಕ ನಡೆಯುವುದಿಲ್ಲ. ಫೋಮಿನದ್ದನ್ನು ತೊಳೆದು ಮತ್ತೆ ಮತ್ತೆ ಬಳಸಬಹುದು, ಅದಕ್ಕೇ ಅದು ನಿನ್ನಂಥವರಿಗೆ ಒಳ್ಳೆಯದು. ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗುವುದಿಲ್ಲ, ಡೀಸೆಲ್ ಆಗುತ್ತದೆ. ಅದರಲ್ಲಿ ಅದ್ದಿ ಅಂಗೈಯಲ್ಲಿ ಒತ್ತಿ ಒತ್ತಿ ಕೊಳೆ ತೆಗೆ. ಬಟ್ಟೆ ಹಿಂಡಿದ ಹಾಗೆ ತಿರುಚಬೇಡ, ಅಂಟಿಸಿದ ಕಡೆ ಬಿಟ್ಟುಕೊಳ್ಳುತ್ತದೆ. ಪೆಟ್ರೋಲಿನಲ್ಲಂತೂ ಅದ್ದಲೇಬೇಡ, ಆ ಅಂಟು ಕರಗುತ್ತದೆ, ಬೆಂಕಿಯ ಅಪಾಯವೂ ಇದೆ. ಆಮೇಲೆ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ, ಫಿಲ್ಟರ್ ಆಯಿಲ್ ಹಾಕಿ, ಎಲ್ಲ ಕಡೆ ಒಂದೇ ಬಣ್ಣ ಬರುವವರೆಗೂ ನಾದಿ, ಹೆಚ್ಚಿನದನ್ನು ಒತ್ತಿ ತೆಗೆಯಬೇಕು. ಒಣ ಫೋಮು ಧೂಳನ್ನು ಹಿಡಿಯುವುದಿಲ್ಲ, ಹಿಡಿಯುವುದು ಆ ಆಯಿಲಿನ ಜಿಗುಟು. ಎರಡು ಫಿಲ್ಟರ್ ಇಟ್ಟುಕೊಂಡು ಒಂದನ್ನು ಆಯಿಲ್ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡು. ಸೋಮವಾರ ಕೆಲಸವಿದೆ ಎನ್ನುವ ನೆಪ ಆಗ ಉಳಿಯುವುದಿಲ್ಲ.

ಧೂಳು ಬೇಸಗೆಯ ಕಾಟವಾದರೆ ನೀರು ಮಳೆಗಾಲದ್ದು. ನಮ್ಮ ಸಕಲೇಶಪುರದ ಕಡೆ ಬಂದಾಗ ನೀನೂ ನಿನ್ನ ಗೆಳೆಯರೂ ಹಳ್ಳ ಕಂಡಲ್ಲೆಲ್ಲ ಇಳಿಸುವುದನ್ನು ನೋಡಿದ್ದೇನೆ. ಇಳಿಸು, ಬೇಡ ಎನ್ನುವುದಿಲ್ಲ. ಆದರೆ ಮೊದಲು ನಡೆದು ಆಳ ನೋಡು. ಗಾಡಿ ನೀರಲ್ಲಿ ಬಿದ್ದು ಎಂಜಿನ್ ನಿಂತುಹೋದರೆ ಸ್ಟಾರ್ಟರ್ ಒತ್ತಲೇಬಾರದು. ಬೋರಿನಲ್ಲಿ ನೀರು ತುಂಬಿದ್ದರೆ ಅದು ಗಾಳಿಯ ಹಾಗೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡೇ ಬಾಗುತ್ತದೆ. ಗಾಡಿಯನ್ನು ದಡಕ್ಕೆ ತಂದು, ಸ್ಪಾರ್ಕ್ ಪ್ಲಗ್ ಬಿಚ್ಚಿ, ಮೇಲಿನ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸು, ಪ್ಲಗ್ಗಿನ ತೂತಿನಿಂದ ನೀರೆಲ್ಲ ಚಿಮ್ಮಿ ಹೋಗಲಿ. ಫಿಲ್ಟರ್ ಡಬ್ಬಿಯ ನೀರೂ ಖಾಲಿಯಾಗಬೇಕು. ಆಯಿಲ್ ನೋಡುವ ಗಾಜಿನಲ್ಲಿ ಹಾಲು ಹಾಕಿದ ಕಾಫಿಯ ಬಣ್ಣ ಕಂಡರೆ ನೀರು ಸೇರಿದೆ. ಅದರಲ್ಲೇ ಮನೆಯವರೆಗೂ ಓಡಿಸಬೇಡ. ಹೊಸ ಆಯಿಲ್ ಹಾಕಿ ಸ್ವಲ್ಪ ಓಡಿಸಿ ಮತ್ತೆ ತೆಗೆದು ಮತ್ತೆ ಹಾಕು. ಎರಡು ಸಲದ ಆಯಿಲ್ ಖರ್ಚು ಎಂಜಿನ್ನಿನ ಮುಂದೆ ಏನೂ ಅಲ್ಲ.

ನಿನ್ನ ಹಿಂದಿನ ಚಕ್ರದ ಬೇರಿಂಗು ಹೋದದ್ದು ಹಳ್ಳದಿಂದ ಎಂದು ನನಗೆ ಅನಿಸುವುದಿಲ್ಲ. ವಾಪಸ್ಸು ಬರುವಾಗ ಒಮ್ಮೊಮ್ಮೆ ದಾರಿಯಲ್ಲಿ ವಾಟರ್ ಸರ್ವಿಸ್ ಮಾಡಿಸುತ್ತೀಯಲ್ಲ, ಅಲ್ಲಿಂದ. ಆ ಗನ್ನಿನ ನೀರು ಚಕ್ರದ ನಡುವಿಗೆ, ಸ್ವಿಂಗ್‌ಆರ್ಮಿನ ಸಂದಿಗೆ, ಹ್ಯಾಂಡಲಿನ ಕೆಳಗೆ ನೇರ ಬಿದ್ದರೆ ಸೀಲನ್ನು ದಾಟಿ ಒಳಗಿನ ಗ್ರೀಸನ್ನು ತೊಳೆದು ನೀರು ಬಿಟ್ಟು ಬರುತ್ತದೆ. ಹೊರಗಿನಿಂದ ಗಾಡಿ ಫಳಫಳ, ಒಳಗೆ ತುಕ್ಕು ಶುರು. ಮನೆಯಲ್ಲಿ ಪೈಪು, ಬಕೆಟ್ಟು, ಹಳೇ ಬ್ರಷ್ಷು ಇಟ್ಟುಕೊಂಡು ನೀನೇ ತೊಳೆ. ಕೆಸರು ಒಣಗುವ ಮುಂಚೆ ತೊಳೆದರೆ ಗನ್ನು ಬೇಕಾಗುವುದೂ ಇಲ್ಲ, ತಾನೇ ಇಳಿದುಹೋಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ತೊಳೆಯಲು ಬಿಡುವುದಿಲ್ಲ ಎಂದರೆ ವಾಟರ್ ಸರ್ವಿಸಿನ ಹುಡುಗನ ಪಕ್ಕದಲ್ಲಿ ನಿಂತು, ಇಲ್ಲಿ ಹೊಡಿ, ಇಲ್ಲಿ ಬೇಡ ಎಂದು ತೋರಿಸು. ಕೈಯಲ್ಲಿ ತೊಳೆಯುವುದಕ್ಕೆ ಇನ್ನೊಂದು ಲಾಭವಿದೆ: ಬ್ರಷ್ಷು ಹೋದಲ್ಲೆಲ್ಲ ಕಣ್ಣು ಹೋಗುತ್ತದೆ. ಉದುರಿದ ಬೋಲ್ಟು, ಬಿರುಕು ಬಿಟ್ಟ ಬ್ರಾಕೆಟ್ಟು, ತೊಟ್ಟಿಕ್ಕುವ ಆಯಿಲು, ಮುಳ್ಳು ಚುಚ್ಚಿಕೊಂಡ ಟಯರು, ಎಲ್ಲ ಆಗಲೇ ಕಾಣುವುದು.

ಮುಂದಿನ ಶಾಕಿನ ಆಯಿಲ್ ಸೀಲು ಸೋರಿದರೆ ಒಡನೆಯೇ ಹೊಸದು ಹಾಕಿಸಬೇಕೆಂದಿಲ್ಲ. ಎಷ್ಟೋ ಸಲ ಸೀಲು ಹರಿದಿರುವುದಿಲ್ಲ, ಅದರ ತುಟಿಗೆ ಒಣಗಿದ ಕೆಸರಿನ ಕಣವೊಂದು ಸಿಕ್ಕಿಕೊಂಡು ಸಂದಿ ಬಿಟ್ಟಿರುತ್ತದೆ. ಮನೆಯಲ್ಲಿ ಹಳೇ ಎಕ್ಸ್‌ರೇ ಫಿಲ್ಮು ಇರುತ್ತದಲ್ಲ, ಅದರಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸು, ಒಂದು ತುದಿಯ ಪಕ್ಕದಲ್ಲಿ ಸಣ್ಣ ಕೊಕ್ಕೆಯ ಆಕಾರ ಮಾಡು. ಧೂಳು ತಡೆಯುವ ಮೇಲಿನ ರಬ್ಬರನ್ನು ಮೆಲ್ಲಗೆ ಎಬ್ಬಿಸಿ ಮೇಲಕ್ಕೆ ಸರಿಸಿ, ಪಟ್ಟಿಯನ್ನು ಸೀಲಿಗೂ ಕೊಳವೆಗೂ ನಡುವೆ ತೂರಿಸಿ ಸುತ್ತಲೂ ಒಂದು ಸುತ್ತು ಎಳೆದು ಹೊರತೆಗೆ. ತುದಿಯಲ್ಲಿ ಕಪ್ಪು ಕೆಸರು ಬರುತ್ತದೆ. ಒರೆಸಿ ಇನ್ನೊಂದು ಸಲ ಹಾಗೇ ಮಾಡು. ಆಮೇಲೆ ಕೊಳವೆ ಒರೆಸಿ ಒಂದಷ್ಟು ಸಲ ಶಾಕನ್ನು ಒತ್ತಿ ನೋಡು, ಆಯಿಲಿನ ಉಂಗುರ ಕಾಣದಿದ್ದರೆ ಸೀಲಿನ ದುಡ್ಡು ಉಳಿಯಿತು. ಕಾಣಿಸಿದರೆ ಮಾತ್ರ ಬದಲಿಸು, ತಡಮಾಡಬೇಡ. ಆ ಆಯಿಲ್ ಬ್ರೇಕ್ ಪ್ಯಾಡಿನ ಮೇಲೆ ಬಿದ್ದರೆ ಪ್ಯಾಡೂ ಹೋಗುತ್ತದೆ, ಬ್ರೇಕೂ ಹಿಡಿಯುವುದಿಲ್ಲ.

ಚೈನು. ನಮ್ಮ ಕಾಲದಲ್ಲಿ ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯಲ್ಲಿ ತೋಟದ ದಾರಿ ಹತ್ತುತ್ತಿದ್ದೆವು. ಅದರ ಚೈನು ಪೂರ್ತಿ ತಗಡಿನ ಕವಚದೊಳಗೆ ಇರುತ್ತಿತ್ತು, ಮಣ್ಣೇ ತಾಗುತ್ತಿರಲಿಲ್ಲ, ಹಾಗಾಗಿ ಬಹಳ ಕಾಲ ಬಾಳುತ್ತಿತ್ತು. ನಿನ್ನದು ಬಯಲಲ್ಲೇ ಓಡುತ್ತದೆ. ಆದ್ದರಿಂದ ಅದರ ಆರೈಕೆ ನಿನ್ನ ಕೈಯಲ್ಲಿದೆ. ತೊಳೆದ ಮೇಲೆ ಡೀಸೆಲ್ಲಿನಲ್ಲಿ ಅದ್ದಿದ ಮೆತ್ತನೆ ಬ್ರಷ್ಷಿನಿಂದ ತಿಕ್ಕಿ, ಬಟ್ಟೆಯಲ್ಲಿ ಒಣಗಿಸಿ, 90ರ ಗೇರ್ ಆಯಿಲನ್ನು ಒಳಮೈಗೆ ಕೊಂಡಿಗೊಂದು ತೊಟ್ಟಿನಂತೆ ಬಿಡು. ರಾತ್ರಿಯೆಲ್ಲ ಹಾಗೇ ಇರಲಿ, ಬೆಳಗ್ಗೆ ಹೆಚ್ಚಿನದನ್ನು ಒರೆಸು. ಒರೆಸದೆ ಬಿಟ್ಟರೆ ಧೂಳು ಮೆತ್ತಿಕೊಳ್ಳುತ್ತದೆ. ಒಂದು ಡಬ್ಬಿ ಗೇರ್ ಆಯಿಲ್ ತಂದರೆ ಬಹಳ ದಿನ ಬರುತ್ತದೆ, ಸ್ಪ್ರೇ ಡಬ್ಬಿಗಳ ಬೆಲೆಗೆ ಹೋಲಿಸುವ ಹಾಗೇ ಇಲ್ಲ.

ನಿನ್ನ ಚೈನು ಬೇಗ ಸತ್ತದ್ದು ಎಣ್ಣೆ ಇಲ್ಲದೆ ಮಾತ್ರವಲ್ಲ, ಬಿಗಿಯಾಗಿಯೂ ಇತ್ತು. ಹೋದ ಸಲ ಬಂದಾಗ ನಾನೇ ಕೈಯಿಟ್ಟು ನೋಡಿದೆ. ಇಂಥ ಗಾಡಿಯ ಹಿಂದಿನ ಚಕ್ರ ಮೇಲೆ ಕೆಳಗೆ ಹೆಚ್ಚು ಆಡುತ್ತದೆ, ಆಡುವಾಗ ಒಂದು ಹಂತದಲ್ಲಿ ಚೈನು ಎಳೆದುಕೊಳ್ಳುತ್ತದೆ. ಸ್ಟ್ಯಾಂಡಿನಲ್ಲಿ ನಿಲ್ಲಿಸಿದಾಗ ಸರಿಯಾಗಿ ಕಂಡದ್ದು ನೀನು ಕೂತಾಗ ತಂತಿಯಂತೆ ಬಿಗಿಯುತ್ತದೆ. ಆಗ ಸ್ಪ್ರಾಕೆಟ್ ಹಲ್ಲು ಸವೆಯುತ್ತದೆ, ಗೇರ್ ಬಾಕ್ಸಿನ ಬೇರಿಂಗಿಗೂ ಪೆಟ್ಟು. ಪುಸ್ತಕದಲ್ಲಿ ಹೇಳಿದಷ್ಟು ಸಡಿಲ ಇಟ್ಟು, ಯಾರನ್ನಾದರೂ ಸೀಟಿನ ಮೇಲೆ ಕೂರಿಸಿ ಇನ್ನೊಮ್ಮೆ ನೋಡು. ಸ್ಪ್ರಾಕೆಟ್ ಹಲ್ಲುಗಳು ಒಂದು ಕಡೆಗೆ ಕೊಕ್ಕೆಯಾಗಿ ಬಾಗಿದ್ದರೆ ಚೈನೂ ಸ್ಪ್ರಾಕೆಟ್ಟುಗಳೂ ಒಟ್ಟಿಗೇ ಬದಲಾಗಬೇಕು. ಹಳೇ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಹೊಸದೂ ಹಾಳು.

ಕ್ಲಚ್ ವಿಚಾರದಲ್ಲಿ ಸಾಮಾನಿನ ತಪ್ಪಿಲ್ಲ. ದಿಣ್ಣೆ ಹತ್ತುವಾಗ ಎರಡನೇ ಗೇರಿನಲ್ಲಿ ಅರ್ಧ ಕ್ಲಚ್ ಹಿಡಿದು ಎಳೆಯುತ್ತೀಯ. ಮೊದಲನೇ ಗೇರಿಗೆ ಇಳಿಸು, ಲಿವರ್ ಬಿಡು. ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ. ಆಟ ಇರಲಿ, ಇಲ್ಲದಿದ್ದರೆ ಕೈ ಬಿಟ್ಟರೂ ಪ್ಲೇಟು ಪೂರ್ತಿ ಕೂರುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಕಾರಿನ ಆಯಿಲ್ ಸುರಿಯಬೇಡ. ಅದರಲ್ಲಿ ಜಾರಿಕೆ ಹೆಚ್ಚಿಸುವ ವಸ್ತು ಸೇರಿಸಿರುತ್ತಾರೆ, ಬೈಕಿನಲ್ಲಿ ಕ್ಲಚ್ಚೂ ಅದೇ ಆಯಿಲಿನಲ್ಲಿ ಮುಳುಗಿರುವುದರಿಂದ ಪ್ಲೇಟು ಜಾರುತ್ತದೆ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂದಿದೆಯೇ ನೋಡಿಕೋ. ದುಬಾರಿ ಸಿಂಥೆಟಿಕ್ ಬೇಕಾಗಿಲ್ಲ, ಕಂಪನಿ ಹೇಳಿದ ದರ್ಜೆಯ ಸಾದಾ ಆಯಿಲನ್ನು ಬೇಗ ಬೇಗ ಬದಲಿಸುವುದೇ ಮಣ್ಣಿನಲ್ಲಿ ಓಡಿಸುವವನಿಗೆ ಮೇಲು.

ಬೀಳುವುದಂತೂ ಇದ್ದದ್ದೇ. ಬಿದ್ದಾಗ ಮೊದಲು ಮುರಿಯುವುದು ಲಿವರು. ಅದನ್ನು ಹಿಡಿದಿರುವ ಕ್ಲಾಂಪನ್ನು ಕಲ್ಲಿನಂತೆ ಬಿಗಿಯಬೇಡ. ಹ್ಯಾಂಡಲಿನ ಸುತ್ತ ಪ್ಲಂಬರು ಬಳಸುವ ಬಿಳಿ ಟೆಫ್ಲಾನ್ ಟೇಪು ನಾಲ್ಕು ಸುತ್ತು ಸುತ್ತಿ, ಅದರ ಮೇಲೆ ಕ್ಲಾಂಪು ಕೂರಿಸಿ, ಓಡಿಸುವಾಗ ಅಲುಗದಷ್ಟು, ಜೋರಾಗಿ ತಳ್ಳಿದರೆ ತಿರುಗುವಷ್ಟು ಮಾತ್ರ ಬಿಗಿ. ನೆಲಕ್ಕೆ ಬಡಿದಾಗ ಲಿವರು ತಿರುಗಿಕೊಳ್ಳುತ್ತದೆ, ಮುರಿಯುವುದಿಲ್ಲ. ಅಲ್ಯೂಮಿನಿಯಂ ಪಟ್ಟಿಯಿರುವ ಕೈಗಾವಲು ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು, ಅದು ಬೆರಳನ್ನೂ ಕಾಯುತ್ತದೆ. ಎಂಜಿನ್ನಿನ ಕೆಳಗಿನ ತಗಡು ತೆಳುವಾಗಿದ್ದರೆ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ದಪ್ಪದ್ದು ಮಾಡಿಸು, ಆಯಿಲ್ ತೆಗೆಯುವ ಬೋಲ್ಟಿಗೆ ನೇರ ತೂತು ಬಿಡಿಸಲು ಮರೆಯಬೇಡ. ಬ್ಯಾಗಿನಲ್ಲಿ ಒಂದು ಪ್ಯಾಕೆಟ್ ಎಂ-ಸೀಲ್ ಇರಲಿ. ಕಲ್ಲು ತಾಗಿ ಕೇಸಿಂಗ್ ಬಿರುಕು ಬಿಟ್ಟರೆ ಆಯಿಲ್ ಒರೆಸಿ, ಎಮರಿಯಿಂದ ಗೀರಿ, ಹಚ್ಚಿ ಗಟ್ಟಿಯಾಗಲು ಬಿಟ್ಟರೆ ಊರು ಮುಟ್ಟಿಸುತ್ತದೆ. ಲಾರಿಗೆ ಹಾಕಿ ತರುವ ಬಾಡಿಗೆ ಉಳಿಯಿತು. ಕ್ಲಚ್ ಕೇಬಲ್ ಒಂದನ್ನು ಹಳೆಯದರ ಪಕ್ಕದಲ್ಲೇ ಟೈ ಹಾಕಿ ಕಟ್ಟಿಟ್ಟಿರು. ಪ್ಲಾಸ್ಟಿಕ್ಕಿನ ಗೀರಿಗೆಲ್ಲ ದುಡ್ಡು ಹಾಕಬೇಡ.

ಸಾಮಾನು ಕೊಳ್ಳುವುದರಲ್ಲೂ ಬುದ್ಧಿ ಬೇಕು. ಬೇರಿಂಗಿನ ಪಕ್ಕೆಯಲ್ಲಿ ಒಂದು ನಂಬರು ಕೊರೆದಿರುತ್ತದೆ. 6202 ಎಂದಿದ್ದರೆ ಒಳಗಿನ ತೂತು 15 ಮಿ.ಮೀ., ಹೊರಗಿನ ಅಳತೆ 35, ದಪ್ಪ 11. ಲೋಕದಲ್ಲೆಲ್ಲ ಅದೇ ಅಳತೆ. ಶೋರೂಮಿನಲ್ಲಿ ಬೈಕಿನ ಹೆಸರು ಹೇಳಿ ಕಾಯುವ ಬದಲು ಬೇರಿಂಗ್ ಅಂಗಡಿಗೆ ಹೋಗಿ ಆ ನಂಬರು ಹೇಳಿ, ಎರಡೂ ಕಡೆ ರಬ್ಬರ್ ಸೀಲಿರುವ, ಹೆಸರಾಂತ ಕಂಪನಿಯದ್ದನ್ನು ಕೇಳಿ ತಾ. ಆಯಿಲ್ ಸೀಲಿನ ಮೇಲೂ ಅಳತೆ ಅಚ್ಚಾಗಿರುತ್ತದೆ. ಜೆ.ಸಿ. ರಸ್ತೆಯಲ್ಲಿ ಸುತ್ತಾಡಿದರೆ ಸಿಗದ್ದಿಲ್ಲ. ಆದರೆ ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಫಿಲ್ಟರು ಇವುಗಳಲ್ಲಿ ಡೂಪ್ಲಿಕೇಟ್ ಹಾವಳಿ ಹೆಚ್ಚು. ಅವನ್ನು ಕಂಪನಿಯ ಅಧಿಕೃತ ಅಂಗಡಿಯಿಂದಲೇ ತಾ, ಅಲ್ಲಿ ಚೌಕಾಸಿಗೆ ಹೋಗಬೇಡ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಅದನ್ನು ಎರಡು ವರ್ಷ ಮೀರಿ ಇಡಬೇಡ, ತೆರೆದಿಟ್ಟ ಹಳೇ ಡಬ್ಬಿಯದನ್ನು ಹಾಕಬೇಡ. ಹೆಲ್ಮೆಟ್ಟು, ಬೂಟು, ಮೊಣಕಾಲಿನ ಗಾರ್ಡು ಇವುಗಳ ದುಡ್ಡನ್ನು ಗಾಡಿಯ ಖರ್ಚಿನಲ್ಲಿ ಸೇರಿಸಲೇಬೇಡ, ಅವಕ್ಕೆ ಮೊದಲು ತೆಗೆದಿಡು. ಮುರಿದ ಮೂಳೆಯ ಆಸ್ಪತ್ರೆ ಬಿಲ್ಲಿನ ಮುಂದೆ ಎಂಜಿನ್ ಕೆಲಸದ ಬಿಲ್ಲು ಬಹಳ ಸಣ್ಣದು, ಮೇಲಾಗಿ ನಿನ್ನಮ್ಮನ ಜೀವ ನಿನ್ನ ಮೇಲೆಯೇ ಇದೆ.

ಕೈಯಾರೆ ಏನು ಮಾಡಬೇಕು, ಯಾವುದಕ್ಕೆ ಮೆಕ್ಯಾನಿಕ್ ಬೇಕು ಎಂದು ನೀನು ಕೇಳಿದ್ದೆ. ಆಯಿಲು, ಫಿಲ್ಟರು, ಚೈನು, ಕೇಬಲ್ಲು, ಬ್ರೇಕ್ ಪ್ಯಾಡು, ಟ್ಯೂಬು, ಚಕ್ರ ಬಿಚ್ಚಿ ಹಾಕುವುದು ಇವು ನಿನ್ನವು. ಸ್ಪೋಕ್ಸನ್ನು ಸಣ್ಣ ಸ್ಪ್ಯಾನರಿನಿಂದ ತಟ್ಟುತ್ತ ಹೋಗು, ಟಿಣ್ ಎನ್ನದೆ ಮೊದ್ದಾಗಿ ಸದ್ದು ಮಾಡಿದ್ದು ಸಡಿಲ, ಕಾಲು ಸುತ್ತು ಬಿಗಿ. ರಿಮ್ಮೇ ಓಲಾಡುತ್ತಿದ್ದರೆ ಮಾತ್ರ ಅದನ್ನು ಎಳೆದು ಸರಿಮಾಡುವ ಕೆಲಸದವನ ಹತ್ತಿರ ಒಯ್ಯು. ಎಂಜಿನ್ನಿನ ಒಳಗಿನ ಕೆಲಸ, ಹಿಂದಿನ ಶಾಕಿನ ಕೆಲಸ ಬಲ್ಲವರಿಗೆ ಬಿಡು. ಆಯಿಲ್ ತೆಗೆಯುವ ಬೋಲ್ಟನ್ನು ಬಲವೆಲ್ಲ ಹಾಕಿ ಬಿಗಿಯುವುದು ಹುಡುಗರ ಅಭ್ಯಾಸ. ಕೆಳಗಿನ ಅಲ್ಯೂಮಿನಿಯಂ ಮೆತ್ತಗೆ, ಥ್ರೆಡ್ ಕಿತ್ತುಬರುತ್ತದೆ, ಆಮೇಲೆ ಲೇತಿನವನ ಹತ್ತಿರ ಓಡಬೇಕು. ನಾಲ್ಕು ಜನ ಗೆಳೆಯರು ಸೇರಿ ಒಂದು ಟಾರ್ಕ್ ರೆಂಚ್ ಕೊಂಡುಕೊಳ್ಳಿ, ಒಬ್ಬನ ಮನೆಯಲ್ಲಿ ಇರಲಿ. ತೆಗೆದ ಆಯಿಲನ್ನು ನೆಲಕ್ಕೋ ಚರಂಡಿಗೋ ಸುರಿಯಬೇಡಿ, ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ಮೆಕ್ಯಾನಿಕ್ಕಿನ ಹತ್ತಿರ ಹೋಗುವಾಗ ಗಾಡಿ ತೊಳೆದುಕೊಂಡು ಹೋಗು. ಕೆಸರು ಮೆತ್ತಿದ ಗಾಡಿಯಲ್ಲಿ ಸೋರಿಕೆ ಕಾಣುವುದಿಲ್ಲ, ಬಿಚ್ಚುವಾಗ ಮಣ್ಣು ಒಳಗೆ ಬೀಳುತ್ತದೆ, ಅವನ ಅರ್ಧ ದಿನ ಕೆರೆಯುವುದರಲ್ಲೇ ಹೋಗುತ್ತದೆ, ಆ ಅರ್ಧ ದಿನಕ್ಕೂ ಕೂಲಿ ನೀನೇ ಕೊಡುವುದು. "ಏನೋ ಸದ್ದು ಬರ್ತಿದೆ ಅಣ್ಣಾ" ಎನ್ನುವ ಬದಲು ಯಾವ ಗೇರಿನಲ್ಲಿ, ಎಷ್ಟು ವೇಗದಲ್ಲಿ, ಬಿಸಿಯಾದ ಮೇಲೋ ಮೊದಲೋ ಎಂದು ಹೇಳು. ಅವನು ಕೆಲಸ ಮಾಡುವಾಗ ಪಕ್ಕದಲ್ಲಿ ಕೂರು, ಬೆಳಕು ಹಿಡಿ, ಬಿಚ್ಚಿದ ಸಾಮಾನನ್ನು ಕೈಯಲ್ಲಿ ಹಿಡಿದು ನೋಡು. ಒಳ್ಳೆಯ ಮೆಕ್ಯಾನಿಕ್ ಕಲಿಯಲು ಬಂದವನಿಗೆ ಬೇಸರ ಮಾಡಿಕೊಳ್ಳುವುದಿಲ್ಲ. ಅವನು ಕೇಳಿದ ಕೂಲಿಯನ್ನು ಕೊಟ್ಟುಬಿಡು.

ಒಂದು ನೋಟ್ ಬುಕ್ ಇಡು. ಮಣ್ಣಿನಲ್ಲಿ ಓಡಿಸಿದ್ದನ್ನು ಗಂಟೆಯಲ್ಲಿ ಬರೆ. ದಿಣ್ಣೆಯಲ್ಲಿ ಮೊದಲನೇ ಗೇರಿನಲ್ಲಿ ಕಳೆದ ಬೆಳಗಿಗೆ ಮೀಟರಿನಲ್ಲಿ ಮೂವತ್ತು ಕಿಲೋಮೀಟರ್ ಮಾತ್ರ ಕಂಡರೂ ಎಂಜಿನ್ನು ಹೆದ್ದಾರಿಯ ಇನ್ನೂರು ಕಿಲೋಮೀಟರಿಗಿಂತ ಹೆಚ್ಚು ದುಡಿದಿರಬಹುದು. ಯಾವ ದಿನ ಏನು ಬದಲಿಸಿದೆ, ಎಷ್ಟು ಕೊಟ್ಟೆ ಎಂದೂ ಬರೆ. ಆರು ತಿಂಗಳಾದ ಮೇಲೆ ದುಡ್ಡು ಎಲ್ಲಿ ಹೋಗುತ್ತಿದೆ ಎಂದು ಯಾರನ್ನೂ ಕೇಳಬೇಕಾಗುವುದಿಲ್ಲ.

ಇನ್ನೊಂದು ಮಾತು, ಇದು ಖರ್ಚಿಗೂ ಸೇರಿದ್ದು, ಮರ್ಯಾದೆಗೂ ಸೇರಿದ್ದು. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಗಾಡಿ ನುಗ್ಗಿಸಬೇಡಿ. ಕೇಸು ಬೀಳುತ್ತದೆ, ಗಾಡಿ ವಶಕ್ಕೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನಮ್ಮ ಬೆಟ್ಟದ ಹುಲ್ಲುಗಾವಲಿನಲ್ಲಿ ಚಕ್ರದ ಒಂದು ಗೆರೆ ಬಿದ್ದರೆ ಮುಂದಿನ ಮಳೆಯಲ್ಲಿ ಅದೇ ಕೊರಕಲಾಗುತ್ತದೆ. ತೋಟದ ದಾರಿಯಾದರೆ ತೋಟದವರನ್ನು ಕೇಳಿ ಹೋಗಿ, ಇಲ್ಲಿ ಕೇಳಿದವರಿಗೆ ಇಲ್ಲ ಎನ್ನುವವರು ಕಡಿಮೆ.

ಸ್ವಿಂಗ್‌ಆರ್ಮಿನ ಬೇರಿಂಗಿಗೆ ಕಂಪನಿಯಲ್ಲಿ ಹಾಕಿದ ಗ್ರೀಸಿನ ಮೇಲೇ ನಿನ್ನ ಗಾಡಿ ಇಲ್ಲಿಯವರೆಗೂ ಓಡಿರಬೇಕು, ಬಿಲ್ಲಿನಲ್ಲಿ ಎಲ್ಲೂ ಆ ಕೆಲಸ ಕಾಣಲಿಲ್ಲ. ಮುಂದಿನ ಮಳೆ ಹಿಡಿಯುವುದರೊಳಗೆ ಅದನ್ನು ಬಿಚ್ಚಲೇಬೇಕು, ಇಲ್ಲದಿದ್ದರೆ ಒಳಗಿನ ಬೋಲ್ಟು ತುಕ್ಕು ಹಿಡಿದು ಬುಷ್ಷಿಗೆ ಕಚ್ಚಿಕೊಂಡುಬಿಡುತ್ತದೆ, ಆಮೇಲೆ ಕತ್ತರಿಸಿಯೇ ತೆಗೆಯಬೇಕಾದೀತು. ಎರಡು ದಿನ ರಜ ಹಾಕಿ ಬಾ, ಇಬ್ಬರೂ ಸೇರಿ ಬಿಚ್ಚೋಣ. ಬರುವಾಗ ನೀರಿಗೆ ತಡೆಯುವ ಗ್ರೀಸಿನ ಅರ್ಧ ಕಿಲೋ ಡಬ್ಬಿಯೊಂದು, ಕಂಪ್ರೆಶನ್ ಅಳೆಸಿದ ಚೀಟಿ, ಎರಡೂ ತಗೊಂಡು ಬಾ. ಸ್ಪ್ಯಾನರ್ ಎಲ್ಲ ಇಲ್ಲಿದೆ.

ನಿನ್ನ ಮಾವ